ಗಿರಣಿಯ ಮೊದಲ ಹಿಟ್ಟು

ಕರಿಗುಡ್ಡದಹಳ್ಳಿ, ತಂಬ್ರಹಳ್ಳಿ ಹತ್ತಿರ
ಸೋಮವಾರ, 3 ನವೆಂಬರ್ 2025

ಕ್ರಾಂತಿ,

ಮೊದಲು ಬುತ್ತಿ ಬಿಚ್ಚಿ ರೊಟ್ಟಿ ಎಣಿಸು, ಆಮೇಲೆ ಕಾಗದ ಓದು. ಇಪ್ಪತ್ತೆಂಟು ಖಡಕ್ ರೊಟ್ಟಿ ಇವೆ, ದಿನಕ್ಕೆ ನಾಲ್ಕರಂತೆ. ಒಂದು ಕಡಿಮೆ ಇದ್ದರೂ ಬರೆ. ಹರಪನಹಳ್ಳಿ ಬಸ್ಸಿನ ಕಂಡಕ್ಟರನನ್ನು ನಾನು ವಿಚಾರಿಸಿಕೊಳ್ಳುತ್ತೇನೆ.

ಅವ್ವ ಕಾಗದ ಬರೆಯುತ್ತಾಳೆಂದು ನಗಬೇಡ. ನಿಮ್ಮ ಹಾಸ್ಟೆಲಿನಲ್ಲಿ ಮೊಬೈಲು ಇಟ್ಟುಕೊಳ್ಳುವಂತಿಲ್ಲ. ಭಾನುವಾರ ವಾರ್ಡನ್ ಮೇಡಂ ಫೋನಿನಲ್ಲಿ ಐದು ನಿಮಿಷ ಮಾತಾಡಿದರೆ ಅವರು ಪಕ್ಕದಲ್ಲೇ ನಿಂತಿರುತ್ತಾರೆ. ಹೊಟ್ಟೆ ಹೇಗಿದೆ, ಎಷ್ಟು ಸಲ ಹೊರಗೆ ಹೋದೆ ಎಂದು ಕೇಳಿದರೆ ನೀನು "ಹೂಂ" ಎನ್ನುತ್ತೀ. ಹೂಂ ಎಂದರೆ ಎರಡೋ ಹತ್ತೋ ನನಗೆ ಹೇಗೆ ತಿಳಿಯಬೇಕು? ಅದಕ್ಕೇ ಈ ಏರ್ಪಾಡು. ಸೋಮವಾರ ಬುತ್ತಿಯ ಚೀಲದಲ್ಲಿ ನನ್ನ ಕಾಗದ, ಗುರುವಾರ ಖಾಲಿ ಚೀಲದಲ್ಲಿ ನಿನ್ನದು. ಕಾಗದದಲ್ಲಿ ಶಾಲೆಯ ಕನ್ನಡವನ್ನೇ ಬರೆಯಬೇಕೆಂದು ಏಳನೆಯ ಕ್ಲಾಸಿನಲ್ಲಿ ಮಾಸ್ತರರು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಅದನ್ನು ಇನ್ನೂ ಮರೆತಿಲ್ಲ.

ದಾವಣಗೆರೆಯ ಡಾಕ್ಟರಮ್ಮ ದಸರೆಯಲ್ಲಿ ಹೇಳಿದ್ದನ್ನು ದಿನಾ ಒಂದು ಸಲ ನೆನಪು ಮಾಡಿಕೋ. ಸೀಲಿಯಾಕ್ ಎಂಬ ಬೇನೆ. ನಿನ್ನ ಕರುಳಿಗೆ ಗೋಧಿ ಆಗುವುದಿಲ್ಲ. ಗುಳಿಗೆಯಿಂದ ಹೋಗುವುದಲ್ಲ, ಊಟವೇ ಔಷಧಿ. ಗೋಧಿ, ರವೆ, ಮೈದಾ ಒಂದು ಚಿಟಿಕೆಯೂ ಒಳಗೆ ಹೋಗಬಾರದು. ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡುತ್ತಾರೆ. ನಿಮ್ಮ ಪ್ರಿನ್ಸಿಪಾಲರು ಹೇಳಿದ್ದನ್ನೂ ಮರೆಯಬೇಡ: "ಇನ್ನೊಂದ್ಸಲ ತಲಿ ಸುತ್ತಿ ಬಿದ್ರ ಮನಿಗೆ ಕರ್ಕೊಂಡು ಹೋಗ್ರಿ, ಪರೀಕ್ಷಿ ಮುಂದಿನ ವರ್ಷ ಬರೀಲಿ." ಮುಂದಿನ ವರ್ಷ ಎಂದವರು ಆಮೇಲೆ ಬರೆದದ್ದನ್ನು ನಾನು ನಮ್ಮ ಕೇರಿಯಲ್ಲಿ ಕಂಡಿಲ್ಲ.

ದಾವಣಗೆರೆ ಅಂಗಡಿಯಲ್ಲಿ ಆ ರೋಗದವರಿಗೆಂದೇ ಹಿಟ್ಟಿನ ಪಾಕೀಟು ಮಾರುತ್ತಾರಲ್ಲ, ಅದರ ದುಡ್ಡಿಗೆ ನಮಗೆ ವಾರದ ಜೋಳ ಬರುತ್ತದೆ. ಜೋಳದಲ್ಲಿ ಗೋಧಿ ಎಲ್ಲಿಂದ ಬರಬೇಕು? ನಮ್ಮ ಹಿರಿಯರು ತಿಂದದ್ದೇ ನಿನಗೆ ಔಷಧಿಯಾಯಿತು. ಮನೆಯಲ್ಲಿದ್ದ ಗೋಧಿ ಹಿಟ್ಟನ್ನು ಎದುರು ಮನೆಗೆ ಕೊಟ್ಟೆ. ಹಂಚು ಹೊಸದು. ಶಾಲೆಯ ಬಿಸಿಯೂಟಕ್ಕೆ ಉಪ್ಪಿಟ್ಟು ಮಾಡಿದ ದಿನ ತಲೆಗೆ ನೀರು ಹಾಕಿಕೊಂಡು ಸೀರೆ ಬದಲಿಸದೆ ಒಲೆಯ ಹತ್ತಿರ ಹೋಗುವುದಿಲ್ಲ.

ಹಿಟ್ಟಿನ ಚಿಂತೆಯನ್ನಂತೂ ಬಿಡು. ಪಾಲಣ್ಣನ ಗಿರಣಿಯಲ್ಲಿ ಬೆಳಿಗ್ಗೆ ಜೋಳ, ಸಂಜೆ ಗೋಧಿ. ಭಾನುವಾರ ಅವನು ಬಾಗಿಲು ತೆಗೆಯುವ ಮೊದಲೇ ನಾನು ಮೆಟ್ಟಿಲ ಮೇಲೆ ಡಬ್ಬಿ ಇಟ್ಟು ಕೂತಿರುತ್ತೇನೆ. ಊದುಬತ್ತಿ ಬೆಳಗಿದ ಮೇಲೆ ಕಲ್ಲಿಗೆ ಬೀಳುವ ಮೊದಲ ಕಾಳು ನಮ್ಮದು. ನಿನ್ನ ಅಜ್ಜಿ ಅದೇ ಗಿರಣಿಯಲ್ಲಿ ಎಷ್ಟು ಬೇಗ ಹೋದರೂ ಊರವರದೆಲ್ಲ ಮುಗಿಯುವ ತನಕ ಗೋಡೆ ಬದಿಗೆ ಕೂತಿರುತ್ತಿದ್ದಳು. ನಮ್ಮ ಕೇರಿಯ ಡಬ್ಬಿ ಯಾವಾಗಲೂ ಕೊನೆಗೆ. ನಾನು ಮದುವೆಯಾಗಿ ಬಂದ ವರ್ಷ ನಿಮ್ಮಪ್ಪ ಪಾಲಣ್ಣನ ತಂದೆಯ ಎದುರು, "ಮೊದ್ಲು ಬಂದೋರದು ಮೊದ್ಲು. ಇಲ್ಲಾಂದ್ರ ಈ ಬಾಗಲ್ದಾಗಿಂದ ಏಳಂಗಿಲ್ಲ" ಎಂದು ದಿನವಿಡೀ ಬಾಗಿಲಿಗೆ ಅಡ್ಡ ಕೂತಿದ್ದ. ನಿಮ್ಮಪ್ಪ ತೀರಿಕೊಂಡು ಐದು ವರ್ಷವಾಯಿತು. ಅವನು ಗಳಿಸಿಟ್ಟ ಆಸ್ತಿ ಅದೊಂದೇ, ಅದನ್ನು ನಿನಗಾಗಿ ಖರ್ಚು ಮಾಡುತ್ತಿದ್ದೇನೆ.

ನಿನ್ನ ಅವ್ವ,
ಹುಲುಗಮ್ಮ


ಹರಪನಹಳ್ಳಿ
ಗುರುವಾರ, 6 ನವೆಂಬರ್ 2025

ಅವ್ವಾ, ಜೈಭೀಮ್.

ರೊಟ್ಟಿ ಇಪ್ಪತ್ತೆಂಟೂ ಇವೆ. ಎರಡು ಮುರಿದಿವೆ, ಕಂಡಕ್ಟರನನ್ನು ಬಿಟ್ಟುಬಿಡು, ಪಾಪ. ನಮ್ಮ ಅಡುಗೆಯ ಸುಂಕಮ್ಮಕ್ಕ ತರಕಾರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿ ಇಳಿಸಿಕೊಂಡು ಬರುತ್ತಾಳೆ. "ಏನವ್ವ, ನಿಮ್ಮವ್ವ ಗಂಟನ್ನ ಬಾಂಬ್ ಕಟ್ಟಿದಂಗ ಕಟ್ಯಾಳ" ಎಂದು ಮೂರು ಗಂಟು ಬಿಚ್ಚುವುದಕ್ಕೆ ಹಲ್ಲು ಹಚ್ಚಿದಳು.

ಇಲ್ಲಿ ಸೋಮವಾರ ಉಪ್ಪಿಟ್ಟು, ಬುಧವಾರ ಚಪಾತಿ, ಭಾನುವಾರ ಪೂರಿ. ನಾನು ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಅನ್ನ ಮೊಸರು ತೆಗೆದುಕೊಂಡು ಕಿಟಕಿಯ ಹತ್ತಿರ ಕೂರುತ್ತೇನೆ. ಸಾರು ಹಾಕಿಸಿಕೊಳ್ಳುವುದಿಲ್ಲ. ಸುಂಕಮ್ಮಕ್ಕನ ಇಂಗಿನ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದು ಬರೆದಿದೆ! ಇಂಗಿನಲ್ಲೂ ಗೋಧಿ ಇರುತ್ತದೆಂದು ಯಾರಿಗೆ ಗೊತ್ತಿತ್ತು? ಅಂದಿನಿಂದ ನನಗೆ ಉಪ್ಪಿನ ಮೇಲೂ ಅನುಮಾನ. ನೀನು ಚಟ್ನಿಪುಡಿಗೆ ಇಂಗು ಹಾಕಿಲ್ಲ ತಾನೇ?

ಹೊಟ್ಟೆ ಚೆನ್ನಾಗಿದೆ. ತೂಕ ಮೂವತ್ತಾರೂವರೆ. ಹುಡುಗಿಯರು ನನಗೆ "ರೊಟ್ಟಿ ಮೇಡಂ" ಎಂದು ಹೆಸರಿಟ್ಟಿದ್ದಾರೆ. ಪಕ್ಕದ ಮಂಚದ ಶಿವಲೀಲಾ ಇಟ್ಟಿಗಿ ಊರಿನವಳು. ಅವಳಿಗೆ ಮಾತ್ರ ಒಂದು ರೊಟ್ಟಿ ಕೊಟ್ಟೆ, ಬೈಯಬೇಡ.

ಕ್ರಾಂತಿ


ಸೋಮವಾರ, 24 ನವೆಂಬರ್ 2025

ಕ್ರಾಂತಿ,

ಮತ್ತೊಮ್ಮೆ ಹೇಳುತ್ತೇನೆ, ಪುಡಿಗೆ ಇಂಗು ಹಾಕಿಲ್ಲ. ನಿನ್ನ ಮೊದಲ ಕಾಗದ ಓದಿ ಮನೆಯ ಇಂಗಿನ ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಬಿಸಿ ಹಾಲು ಕುಡಿದ ಬಾಯಿ ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ, ಹಾಗಾಗಿದೆ ನನ್ನ ಬಾಳು. ಮೊನ್ನೆ ಶಾಲೆಯ ಮಕ್ಕಳಿಗೆ ಇನ್ನೂರು ಜನದ ಸಾರು ಕುದಿಸುತ್ತಾ, ಇಷ್ಟು ಮಕ್ಕಳಿಗೆ ಕಣ್ಣು ಮುಚ್ಚಿ ಬಡಿಸುತ್ತೇನೆ, ಒಬ್ಬಳಿಗೆ ಮಾತ್ರ ಕಾಳು ಕಾಳು ನೋಡಿ ಕಟ್ಟುತ್ತೇನಲ್ಲ ಎಂದುಕೊಂಡೆ.

ನಿನ್ನ ಹಿಂದಿನ ಎರಡು ಕಾಗದಗಳಲ್ಲಿ "ಚೆನ್ನಾಗಿದ್ದೇನೆ" ಬಿಟ್ಟರೆ ಏನೂ ಇಲ್ಲ. ಭಾನುವಾರ ಫೋನಿನಲ್ಲಿ ನಿನ್ನ ದನಿ ಬಾವಿಯ ತಳದಿಂದ ಬಂದ ಹಾಗಿತ್ತು. ತೂಕ ಎಷ್ಟು? ಅಂಕಿ ಬರೆ.

ಅವ್ವ


ಗುರುವಾರ, 4 ಡಿಸೆಂಬರ್ 2025

ಅವ್ವಾ,

ಚೆನ್ನಾಗಿದ್ದೇನೆ. ಓದು ಬಹಳ ಇದೆ, ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತು. ತೂಕದ ಯಂತ್ರ ಕೆಟ್ಟಿದೆ. ಮುಂದಿನ ವಾರದಿಂದ ರೊಟ್ಟಿ ಸ್ವಲ್ಪ ಹೆಚ್ಚು ಕಳಿಸುತ್ತೀಯಾ? ನಲವತ್ತು ಸಾಕು.

ಕ್ರಾಂತಿ


ಸೋಮವಾರ, 15 ಡಿಸೆಂಬರ್ 2025

ಕ್ರಾಂತಿ,

ನಲವತ್ತು ರೊಟ್ಟಿ ಕೇಳಿದಾಗ ನಾನು ಕುಣಿದಾಡಿದೆ. ಮಗಳಿಗೆ ಹಸಿವು ಹುಟ್ಟಿದೆ, ಕರುಳು ಚಿಗುರಿದೆ ಎಂದು ಪಾಲಣ್ಣನ ಗಿರಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಈ ದಿನ ಬೆಳಿಗ್ಗೆ ಬಸ್ಸಿಗೆ ಬುತ್ತಿ ಕೊಡಲು ಹೋದರೆ ಕಂಡಕ್ಟರು, "ಯವ್ವಾ, ನಿನ್ ಮಗಳು ಬಚ್ಚಲದಾಗ ಬಿದ್ದಿದ್ಲಂತಲ್ಲ, ಈಗ ಹೆಂಗದಾಳ?" ಎಂದು ಕೇಳಿದ. ಸುಂಕಮ್ಮ ಅವನ ಹತ್ತಿರ ಹೇಳಿದಳಂತೆ. ಬಸ್ಸಿಗೆಲ್ಲ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ. ಬುತ್ತಿಯ ಗಂಟಿಗೆ ಈ ಕಾಗದ ಸಿಕ್ಕಿಸುವುದಕ್ಕೆಂದೇ ಬಸ್ಸು ನಿಲ್ಲಿಸಿಕೊಂಡು, ಬಾನೆಟ್ಟಿನ ಮೇಲೆ ಇಟ್ಟು ಬರೆಯುತ್ತಿದ್ದೇನೆ.

ಏನು ತಿಂದೆ ನಿಜ ಹೇಳು. ಭಾನುವಾರದ ಪೂರಿ ತಾನೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತೂಕದ ಯಂತ್ರ ಕೆಟ್ಟಿದೆ ಎಂದಾಗಲೇ ನನಗೆ ತಿಳಿಯಬೇಕಿತ್ತು. ಚಿಕ್ಕವಳಿದ್ದಾಗ ಗೋಧಿ ಹುಗ್ಗಿಯ ಪಾತ್ರೆಯನ್ನು ಮಂಚದ ಕೆಳಗೆ ಎಳೆದುಕೊಂಡು ಹೋಗಿ ತಿಂದವಳು ನೀನು. ಗೆಳತಿಯರು ಕರೆದರು, ನಾಲಗೆ ಕೇಳಲಿಲ್ಲ, ಅಷ್ಟೇ. ನಾಲಗೆ ಹಿಡಿಯಲಾಗದಿದ್ದರೆ ಹೇಳು, ಪ್ರಿನ್ಸಿಪಾಲರು ಹೇಳುವ ಮೊದಲೇ ಬಂದು ಕರೆದುಕೊಂಡು ಬರುತ್ತೇನೆ. ಪರೀಕ್ಷೆಗಿಂತ ಜೀವ ದೊಡ್ಡದು.

ಡ್ರೈವರ್ ಹಾರ್ನು ಹೊಡೆಯುತ್ತಿದ್ದಾನೆ.


ಗುರುವಾರ, 18 ಡಿಸೆಂಬರ್ 2025

ಅವ್ವಾ,

ನನ್ನನ್ನು ಕಳ್ಳಿ ಎಂದೆ.

ಬಿದ್ದದ್ದು ನಿಜ. ಮುಖ ತೊಳೆಯಲು ಬಗ್ಗಿದಾಗ ಕಣ್ಣು ಕತ್ತಲೆ ಬಂತು. ಶಿವಲೀಲಾ ಮತ್ತು ಸುಂಕಮ್ಮಕ್ಕ ಎತ್ತಿ ಮಲಗಿಸಿದರು, ಪ್ರಿನ್ಸಿಪಾಲರಿಗೆ ಹೇಳಲಿಲ್ಲ. ಅಂಕಿ ಕೇಳಿದ್ದೀಯಲ್ಲ, ಬರೆಯುತ್ತೇನೆ: ತೂಕ ಮೂವತ್ತನಾಲ್ಕು. ದಿನಕ್ಕೆ ಏಳು ಸಲ, ಕೆಲವು ದಿನ ಒಂಬತ್ತು. ಯಂತ್ರ ಕೆಟ್ಟಿಲ್ಲ. ನಾನು ಸುಳ್ಳು ಹೇಳಿದೆ. ಹೇಳಿದರೆ ನೀನು ಬಂದು ಕರೆದುಕೊಂಡು ಹೋಗುತ್ತೀಯೆಂದು ಹೇಳಲಿಲ್ಲ. ಈಗ ಅದನ್ನೇ ಬರೆದಿದ್ದೀ ನೋಡು.

ಆದರೆ ಪೂರಿ ತಿಂದಿಲ್ಲ. ಪೂರಿ ಇರಲಿ, ಹೊಟ್ಟೆ ಕೆಟ್ಟಾಗಿನಿಂದ ಹಾಸ್ಟೆಲಿನ ಅನ್ನವನ್ನೂ ಬಿಟ್ಟಿದ್ದೇನೆ. ಅನ್ನದ ಸೌಟನ್ನು ಸಾರಿನಲ್ಲಿ ಅದ್ದಿದ್ದರೆ, ಚಪಾತಿ ಲಟ್ಟಿಸಿದ ಕೈಯಲ್ಲೇ ಮೊಸರು ಹಾಕಿದ್ದರೆ ಎಂದು ಭಯ. ನನ್ನ ತಟ್ಟೆಯನ್ನು ನಾನೇ ಬೇರೆ ತೊಳೆದು ಮಂಚದ ಕೆಳಗಿಡುತ್ತೇನೆ. ಮೂರು ವಾರದಿಂದ ನಿನ್ನ ರೊಟ್ಟಿ ಮತ್ತು ಪುಡಿ ಬಿಟ್ಟರೆ ನನ್ನ ಬಾಯಿಗೆ ಬೇರೆ ಏನೂ ಹೋಗಿಲ್ಲ. ಅದಕ್ಕೇ ನಲವತ್ತು ಕೇಳಿದ್ದು. ಈ ಲೋಕದಲ್ಲಿ ನಿನ್ನ ಕೈಯದನ್ನು ಬಿಟ್ಟು ನಾನು ಯಾವುದನ್ನೂ ನಂಬುತ್ತಿಲ್ಲ. ನೀನು ನನ್ನನ್ನು ನಂಬುವುದಿಲ್ಲ.

ಕ್ರಾಂತಿ


ಸೋಮವಾರ, 22 ಡಿಸೆಂಬರ್ 2025

ಕ್ರಾಂತಿ,

ಬೈದದ್ದು ಬಾಯಿ, ಎದೆಯಲ್ಲ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂವತ್ತನಾಲ್ಕು ಎಂಬಲ್ಲಿಗೆ ಬಂದಾಗಲೆಲ್ಲ ಮುಂದೆ ಹೋಗಲು ಆಗಲಿಲ್ಲ.

ಅದರ ಮೇಲೆ ಇದೊಂದು. ಪಾಲಣ್ಣನ ಗಿರಣಿಯ ಮೋಟರು ಶನಿವಾರ ಸುಟ್ಟಿತು. ಹಗರಿಬೊಮ್ಮನಹಳ್ಳಿಗೆ ಒಯ್ದಿದ್ದಾರೆ, ಎರಡು ವಾರವಂತೆ. ತಂಬ್ರಹಳ್ಳಿಯಲ್ಲಿ ಬೀಸಿಸಬಹುದು, ಆದರೆ ಆ ಗಿರಣಿಯಲ್ಲಿ ಗೋಧಿ ಜೋಳ ಎಂದು ಹೊತ್ತಿಲ್ಲ ಗೊತ್ತಿಲ್ಲ, ಬಂದದ್ದನ್ನು ಬಂದ ಹಾಗೆ ಸುರಿಯುತ್ತಾರೆ. ನಿನ್ನ ಜೀವವನ್ನು ಅಲ್ಲಿ ಸುರಿಯಲಾರೆ. ಈ ವಾರ ರೊಟ್ಟಿ ಇಲ್ಲ. ಹಸಿ ಶೇಂಗಾ, ಬೆಲ್ಲ, ನಾನೇ ಆರಿಸಿದ ಅಕ್ಕಿ, ನವಣಕ್ಕಿ ಕಟ್ಟಿದ್ದೇನೆ. ಸುಂಕಮ್ಮನ ಕೈ ಹಿಡಿದು ಕೇಳು, ಬೇರೆ ಪಾತ್ರೆಯಲ್ಲಿ ಒಂದು ಹಿಡಿ ಅನ್ನ ಮಾಡಿಕೊಡಲಿ. ಅವಳಿಗೆ ಕೊಡಲು ಎರಡು ಸೇರು ಶೇಂಗಾ ಬೇರೆ ಇಟ್ಟಿದ್ದೇನೆ.

ರೊಟ್ಟಿ ಇಲ್ಲದೆ ನೀನು ಎರಡು ವಾರ ಹೇಗೆ ಎದ್ದು ನಿಲ್ಲುತ್ತೀಯೋ. ಬಸ್ಸು ಬಂದಾಗಲೆಲ್ಲ ಕಂಡಕ್ಟರನ ಮುಖ ನೋಡಲು ಹೆದರುತ್ತೇನೆ.

ಅವ್ವ


ಗುರುವಾರ, 1 ಜನವರಿ 2026

ಅವ್ವಾ,

ಸುಂಕಮ್ಮಕ್ಕ ದಿನಾ ಬೇರೆ ಪಾತ್ರೆಯಲ್ಲಿ ಅನ್ನ, ಒಂದು ಮೊಟ್ಟೆ ಬೇಯಿಸಿಕೊಡುತ್ತಾಳೆ. ಚೆನ್ನಾಗಿದ್ದೇನೆ. ಈ ಸಲ ನಿಜವಾಗಿ.

ಗಿರಣಿ ಸರಿಯಾದರೂ ರೊಟ್ಟಿಗೆ ಅವಸರ ಮಾಡಬೇಡ. ಅನ್ನವೇ ಸಾಕು. ಶಾಲೆಯ ಹಂಡೆ ಎತ್ತಿ ಎತ್ತಿ ನಿನ್ನ ಬಲಭುಜ ಮೊದಲೇ ನೋಯುತ್ತದೆ, ಅದಕ್ಕೂ ಸ್ವಲ್ಪ ವಿಶ್ರಾಂತಿ ಸಿಗಲಿ.

ಕ್ರಾಂತಿ


ಸೋಮವಾರ, 5 ಜನವರಿ 2026

ಕ್ರಾಂತಿ,

ಇನ್ನೂ ಸಿಟ್ಟು ಇಳಿದಿಲ್ಲ ಎಂದು ತಿಳಿಯಿತು. ಹೊಡೆಯಬೇಕಾದರೆ ನೇರವಾಗಿ ಹೊಡೆ, ಭುಜದ ನೆಪ ಹೇಳಿ ಹೊಡೆಯಬೇಡ. ಕಳ್ಳಿ ಎಂದವಳ ಕೈಯ ರೊಟ್ಟಿ ಬೇಡವಾಯಿತು, ಅಲ್ಲವೇ? ನಿಮ್ಮಪ್ಪನೂ ಹೀಗೇ. ಜಗಳವಾದ ದಿನ ಉಪವಾಸ ಮಲಗಿ ನನ್ನನ್ನು ಸೋಲಿಸುತ್ತಿದ್ದ.

ಗಿರಣಿ ಶನಿವಾರ ಮಧ್ಯಾಹ್ನ ಶುರುವಾಯಿತು. ಎರಡು ವಾರ ಕಾದವರು ರಾತ್ರಿಯವರೆಗೂ ಬೀಸಿಸಿದರು. ನಾನು ಆ ಗದ್ದಲಕ್ಕೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಪಾಲಣ್ಣ, "ಬಾ ಹುಲುಗವ್ವ, ನಿಂದಽ ಬೋಣಿಗಿ" ಎಂದ. ನಲವತ್ತು ರೊಟ್ಟಿ ಕಳಿಸಿದ್ದೇನೆ, ಎಲ್ಲವೂ ತೆಳ್ಳಗೆ, ಎಳ್ಳು ಹಚ್ಚಿದ್ದು. ಬಡಿಯುವಾಗ ಒಂದೊಂದಕ್ಕೂ ತಪ್ಪಾಯಿತು ಎಂದಿದ್ದೇನೆ. ಇನ್ನು ತಿನ್ನುವುದು ಬಿಡುವುದು ನಿನಗೆ ಬಿಟ್ಟದ್ದು.

ಅವ್ವ


ಗುರುವಾರ, 15 ಜನವರಿ 2026

ಅವ್ವಾ,

ಇದು ನಾನು ಬರೆಯುತ್ತಿರುವ ನಾಲ್ಕನೆಯ ಕಾಗದ. ಮೂರನ್ನು ಹರಿದೆ. ಹೋದ ಗುರುವಾರ ಚೀಲ ಬರಿದೇ ಬಂದದ್ದಕ್ಕೆ ಕಾರಣ ಸಿಟ್ಟಲ್ಲ, ಭಯ.

ರೊಟ್ಟಿ ಇಲ್ಲದ ಎರಡು ವಾರದಲ್ಲಿ ನನ್ನ ಭೇದಿ ನಿಂತಿತು. ಐದನೆಯ ದಿನ ಎರಡೇ ಸಲ, ಎಂಟನೆಯ ದಿನ ಒಂದೇ ಸಲ. ಮೆಟ್ಟಿಲು ಹತ್ತಿದರೆ ಏದುಸಿರು ಇಲ್ಲ. ಮೊದಲು ಸಂತೋಷವಾಯಿತು. ಆಮೇಲೆ ದಿನ ಎಣಿಸಿ ಹೆದರಿದೆ. ಯಾಕೆಂದರೆ ಆ ಎರಡು ವಾರದಲ್ಲಿ ಊಟದಿಂದ ಬಿಟ್ಟುಹೋದದ್ದು ಒಂದೇ, ನಿನ್ನ ರೊಟ್ಟಿ. ಅದನ್ನು ನಿನಗೆ ಬರೆಯಲಾರದೆ ಭುಜದ ಮಾತು ಬರೆದೆ.

ನಿನ್ನ ಎಳ್ಳಿನ ರೊಟ್ಟಿ ಬಂತು. ತಪ್ಪಾಯಿತು ಎಂದು ಬಡಿದದ್ದನ್ನು ಹೇಗೆ ಬಿಡಲಿ? ನಾನೇ ತಪ್ಪಾಗಿ ಎಣಿಸಿರಬಹುದು ಎಂದು ಎರಡು ತಿಂದೆ. ಮಾರನೆಯ ದಿನ ತರಗತಿಗೆ ಹೋಗಲಾಗಲಿಲ್ಲ. ಸುಂಕಮ್ಮಕ್ಕ ವಾರ್ಡನ್ ಮೇಡಂಗೆ "ಆಕಿಗೆ ನೆಗಡಿ ಜ್ವರ ಐತ್ರಿ" ಎಂದು ಹೇಳಿ ಮುಚ್ಚಿದಳು.

ಅವ್ವಾ, ನಿನ್ನ ಕೈಯಲ್ಲಿ ತಪ್ಪಿಲ್ಲ. ಇದನ್ನು ಎರಡು ಸಲ ಓದು. ಮೊನ್ನೆ ಭಾನುವಾರ ಮೇಡಂ ಅಪ್ಪಣೆ ಪಡೆದು ಸುಂಕಮ್ಮಕ್ಕನ ಜೊತೆ ಇಲ್ಲಿನ ಒಂದು ಗಿರಣಿಗೆ ಹೋಗಿದ್ದೆ. ನಮ್ಮ ಮುಂದೆ ಒಬ್ಬ ದನಕ್ಕೆಂದು ಮೆಕ್ಕೆಜೋಳ ಬೀಸಿಸಿಕೊಂಡು ಹೋದ. ಆಮೇಲೆ ಸುಂಕಮ್ಮಕ್ಕ ಬಿಳಿಜೋಳ ಸುರಿದಳು. ಹಿಟ್ಟು ಹಳದಿಯಾಗಿ ಬಂತು. ಒಂದು ಸೇರಿನಷ್ಟು ಹಳದಿ, ಆಮೇಲೆ ಮೆಲ್ಲಗೆ ಬಿಳಿ. ನಾನು ಬೆರಗಾಗಿ ನೋಡುತ್ತಿದ್ದರೆ ಅವಳು ನಕ್ಕಳು: "ಅದು ನಮ್ದಲ್ಲ ತಂಗಿ, ನಮಗಿಂತ ಮೊದ್ಲು ಹಾಕಿದೋರದು. ಕಲ್ಲಿನ ಹೊಟ್ಟ್ಯಾಗ ಉಳದಿರತೈತಿ. ಮುಂದ ಬಂದೋರ ಕಾಳು ಅದನ್ನ ಹೊರಗ ದೂಡತೈತಿ."

ಪಾಲಣ್ಣಮಾಮನ ಗಿರಣಿಯಲ್ಲಿ ಗೋಧಿ ಹಿಟ್ಟೂ ಬಿಳಿ, ಜೋಳದ ಹಿಟ್ಟೂ ಬಿಳಿ. ಕಣ್ಣಿಗೆ ಕಾಣುವುದಿಲ್ಲ. ಅವನು ರಾತ್ರಿ ಬಾಗಿಲು ಹಾಕುವ ಮುಂಚೆ ಕೊನೆಗೆ ಬೀಸುವುದು ಏನು ಎಂದು ನಿನಗೆ ಗೊತ್ತು. ಬೆಳಿಗ್ಗೆ ಕಲ್ಲಿಗೆ ಬೀಳುವ ಮೊದಲ ಕಾಳು ಯಾರದು ಎಂದೂ ಗೊತ್ತು.

ಇದಕ್ಕೆ ಏನು ಮಾಡಬೇಕೆಂಬುದೂ ನನಗೆ ತಿಳಿದಿದೆ. ಅದನ್ನು ನಿನಗೆ ಬರೆಯಲು ನನ್ನಿಂದ ಆಗುವುದಿಲ್ಲ. ಅಪ್ಪ ಬಾಗಿಲಿಗೆ ಅಡ್ಡ ಕೂತದ್ದು ನೆನಪಾಗುತ್ತದೆ. ಅಜ್ಜಿ ಗೋಡೆ ಬದಿಗೆ ಕೂತದ್ದು ನಾನು ನೋಡಿಲ್ಲ, ಆದರೂ ನೆನಪಾಗುತ್ತದೆ. ರೊಟ್ಟಿಯೇ ಬೇಡ, ಅನ್ನ ತಿಂದುಕೊಂಡಿರುತ್ತೇನೆ.

ಕ್ರಾಂತಿ


ಗುರುವಾರ, 29 ಜನವರಿ 2026

ಅವ್ವಾ,

ಎರಡು ಸೋಮವಾರ ಬುತ್ತಿ ಬಂತು, ಅಕ್ಕಿ ಬಂತು, ಶೇಂಗಾ ಬಂತು, ಕಾಗದ ಬರಲಿಲ್ಲ. ಭಾನುವಾರ ಫೋನಿನಲ್ಲಿ ಈಗ ನೀನೇ "ಹೂಂ" ಎನ್ನುತ್ತೀ. ಹೂಂ ಎಂದರೆ ಎಷ್ಟು?

ನಾನು ಬರೆಯಬಾರದಿತ್ತು.

ಕ್ರಾಂತಿ


ಸೋಮವಾರ, 2 ಫೆಬ್ರುವರಿ 2026

ಕ್ರಾಂತಿ,

ಅಕ್ಷರ ಸೊಟ್ಟಗಿವೆ, ಸಹಿಸಿಕೋ. ಕಾಗದ ಬರೆಯದ್ದಕ್ಕೆ ಕಾರಣ ಸಿಟ್ಟಲ್ಲ, ತೋಳು.

ನಿನ್ನ ಕಾಗದ ಓದಿದ ದಿನ ನಾನು ಒಲೆ ಹಚ್ಚಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಿನಗೆ ಪೂರಿ ಪೂರಿ ಎಂದು ಬೈಯುತ್ತಾ, ಗೋಧಿಯನ್ನು ನಾನೇ ಎಳ್ಳು ಹಚ್ಚಿ, ಮೂರು ಗಂಟು ಹಾಕಿ ಕಳಿಸಿದ್ದೆ. ಹೆಮ್ಮೆಯಿಂದ ಕಳಿಸಿದ್ದೆ. ಬೀಸಿದ ಹಿಟ್ಟಿನಲ್ಲಿ ಹಿಂದಿನವರದು ಸೇರುತ್ತದೆಂದು ಗೊತ್ತಿಲ್ಲದ ಹೆಂಗಸು ಯಾರಿದ್ದಾಳೆ? ಖಾರ ಬೀಸಿದ ಮೇಲೆ ಯಾರೂ ಹಿಟ್ಟು ಬೀಸಿಸುವುದಿಲ್ಲ. ನನಗೂ ಗೊತ್ತಿತ್ತು. ಆದರೆ ಮೊದಲನೆಯವಳಾಗಿ ನಿಂತ ಸಂತೋಷದಲ್ಲಿ ರಾತ್ರಿಯ ಗೋಧಿ ನನಗೆ ಕಾಣಲಿಲ್ಲ.

ಮಾರನೆಯ ದಿನ ಅಟ್ಟದ ಮೇಲಿದ್ದ ಅಜ್ಜಿಯ ಬೀಸುವ ಕಲ್ಲನ್ನು ಇಳಿಸಿದೆ. ಅದು ಗೋಧಿಯ ಮುಖ ನೋಡಿದ್ದಲ್ಲ. ಯಾರ ಹಂಗೂ ಬೇಡ, ಯಾರ ಸಾಲೂ ಬೇಡ ಎಂದು ಮೂರು ದಿನ ಬೀಸಿದೆ. ಅರ್ಧ ಸೇರು ಹಿಟ್ಟಾಗುವಷ್ಟರಲ್ಲಿ ಬಲಭುಜ ಬಿತ್ತು. ಕೈ ತಲೆಗೆ ಏರಲಿಲ್ಲ, ಪೆನ್ನು ಹಿಡಿಯಲಾಗಲಿಲ್ಲ. ಶಾಲೆಯಲ್ಲಿ ಹಂಡೆಯನ್ನು ಜೊತೆಯವಳೇ ಎತ್ತಿದಳು. ನಿನಗೆ ಹೇಳಿದರೆ ನೀನು ರೊಟ್ಟಿಯೇ ಬೇಡ ಎನ್ನುತ್ತೀ ಎಂದು ಹೂಂ ಎಂದೆ. ಸುಳ್ಳು ಹೇಳುವುದರಲ್ಲಿ ನಿನಗೆ ಅವ್ವನೇ ಗುರು.

ನೀನು ಬರೆಯಲಾರದೆ ಬಿಟ್ಟ ಮಾತು ನನಗೆ ಅಂದೇ ತಿಳಿದಿತ್ತು. ಒಪ್ಪಿಕೊಳ್ಳಲು ಹದಿನೈದು ದಿನ ಬೇಕಾಯಿತು.

ನಿನ್ನೆ ಭಾನುವಾರ ಎಂದಿನ ಹೊತ್ತಿಗೇ ಹೋದೆ. ಪಾಲಣ್ಣ "ಬಾ, ಬೋಣಿಗಿ ಮಾಡು" ಎಂದ. ನಾನು ಡಬ್ಬಿ ಎತ್ತಿಕೊಂಡು ಬೆಳಗಿನ ಜೋಳದ ಸಾಲಿನ ಕೊನೆಗೆ ಹೋಗಿ, ಗೋಡೆಯ ಬದಿಗೆ ಕೂತೆ. ಯಾರು ಬಂದರೂ "ನೀವು ಮುಂದ ಹೋಗ್ರಿ" ಎಂದೆ. ಅಜ್ಜಿ ಕೂರುತ್ತಿದ್ದ ಜಾಗ ಅದೇ ಕ್ರಾಂತಿ. ಗೋಡೆಗೆ ಬೆನ್ನು ತಾಗಿದಾಗ ಸುಮ್ಮನೆ ಕಣ್ಣಲ್ಲಿ ನೀರು ಬಂತು. ನಿಮ್ಮಪ್ಪ ಸಂಜೀವ ನೋಡಿದ್ದರೆ ಏನೆನ್ನುತ್ತಿದ್ದ ಎಂದುಕೊಂಡೆ. ಮಗಳ ತೂಕ ಮೂವತ್ತನಾಲ್ಕು ಎಂದು ನಾನೇ ಅವನಿಗೆ ಉತ್ತರ ಹೇಳಿದೆ.

ಒಬ್ಬೊಬ್ಬರದಾಗಿ ಹದಿಮೂರು ಡಬ್ಬಿ ಜೋಳ ಬಿತ್ತು. ಮೇಲಿನ ಓಣಿಯ ಶಿವಬಸಮ್ಮಜ್ಜಿ ತಡವಾಗಿ ಬಂದಳು. ನನ್ನನ್ನು ಗೋಡೆ ಬದಿಗೆ ನೋಡಿ ಮುಖ ಅರಳಿತು. "ಈಗ ಬಂತು ನೋಡು ಬುದ್ಧಿ. ಹಳೇದ್ದಽ ಚಂದ. ಅವರವರ ಜಾಗ ಅವರವರಿಗೆ ತಿಳೀಬೇಕು" ಎಂದಳು. ಗಿರಣಿಯ ಸದ್ದಿನಲ್ಲೂ ಎಲ್ಲರಿಗೂ ಕೇಳಿಸಿತು. ಪಾಲಣ್ಣ ತಲೆ ತಗ್ಗಿಸಿದ.

ನನಗೆ ಮೈ ಉರಿಯಿತು. ಎದ್ದು ನಿಂತೆ. ಹಿಂದೆ ಆಗಿದ್ದರೆ ಕೂದಲು ಹಿಡಿದಾಡುವಷ್ಟು ಮಾತು ಬರುತ್ತಿತ್ತು. ನಿನ್ನೆ ಬೇರೆಯದೇ ಬಂತು. "ಹೌದು ಯವ್ವಾ, ತಿಳಿದಽ ಕುಂತೀನಿ. ಇವತ್ತು ನಿಮ್ಮೆಲ್ಲಾರ ಜ್ವಾಳ ನನ್ನ ಮಗಳ ಸಲುವಾಗಿ ಕಲ್ಲು ತೊಳಿಯಾಕ ಹತ್ಯಾವ. ನಿಮ್ಮ ಡಬ್ಬಿ ಸಣ್ಣದಾತು, ಮುಂದಿನ ವಾರ ಎರಡು ಸೇರು ಜಾಸ್ತಿ ತರ್ರಿ" ಎಂದೆ.

ಯಾರಿಗೂ ಮೊದಲು ಅರ್ಥವಾಗಲಿಲ್ಲ. ನಿನ್ನ ಬೇನೆಯನ್ನು, ರಾತ್ರಿಯ ಗೋಧಿಯನ್ನು ಬಿಡಿಸಿ ಹೇಳಿದೆ. ಪಾಲಣ್ಣ ಕಲ್ಲು ನಿಲ್ಲಿಸಿ, ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಪಟ್ಟಿ ಬಿಚ್ಚಿ ತೆಗೆದು ಕೊಡವಿದ. ಅದರಿಂದ ಹಳೆಯ ಹಿಟ್ಟು ಮುದ್ದೆಮುದ್ದೆಯಾಗಿ ಬಿತ್ತು. ಒಂದು ಹಳೆಯ ಪಂಚೆಯಲ್ಲಿ ಹೊಸ ತೋಳು ಹೊಲಿಸಿಕೊಡು, ನಿನ್ನ ಸರದಿಗೆ ಅದನ್ನೇ ಕಟ್ಟುತ್ತೇನೆ ಎಂದಿದ್ದಾನೆ. ನಿಮ್ಮಪ್ಪನ ಬಿಳಿ ಪಂಚೆ ಟ್ರಂಕಿನಲ್ಲಿದೆ, ಅದೇ ಆಗಲಿ. ಶಿವಬಸಮ್ಮಜ್ಜಿ ತನ್ನ ಹಿಟ್ಟು ಹೊತ್ತುಕೊಂಡು ಹೋದಳು.

ನಮ್ಮ ಜೋಳದಲ್ಲೂ ಮೊದಲ ಸೇರನ್ನು ಬೇರೆ ತೆಗೆದೆ. ಅದು ನನಗೆ. ಉಳಿದ ಹಿಟ್ಟಿನಲ್ಲಿ ಐದೇ ರೊಟ್ಟಿ ಕಳಿಸಿದ್ದೇನೆ, ನನ್ನ ಭುಜ ಅಷ್ಟಕ್ಕೇ ಒಪ್ಪಿತು. ಒಮ್ಮೆಗೇ ತಿನ್ನಬೇಡ. ಮೊದಲು ಡಾಕ್ಟರಮ್ಮನನ್ನು ಕೇಳು. ಅವರು ಹೂಂ ಎಂದರೆ ಕಾಲು ರೊಟ್ಟಿ ತಿನ್ನು, ಎರಡು ದಿನ ನೋಡು. ಈಗಲೂ ಆಗದಿದ್ದರೆ ನಿನಗೆ ಕೊಡಲು ನನ್ನ ಹತ್ತಿರ ಬೇರೆ ಏನೂ ಉಳಿದಿಲ್ಲ. ಅದನ್ನು ನೆನೆದರೆ ರೊಟ್ಟಿ ಕಳಿಸುವುದೇ ಬೇಡ ಎನ್ನಿಸುತ್ತದೆ. ಆದರೂ ಗಂಟು ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ.

ಅಂಕಿ ಬರೆ. ಸುಳ್ಳು ಅಂಕಿ ಬರೆಯಬೇಡ.

ಅವ್ವ


ಗುರುವಾರ, 12 ಫೆಬ್ರುವರಿ 2026

ಅವ್ವಾ,

ಮೊದಲು ಅಂಕಿ. ತೂಕ ಮೂವತ್ತಾರು ಮುಕ್ಕಾಲು. ಸೋಮವಾರ ವಾರ್ಡನ್ ಮೇಡಂ ಜೊತೆ ದಾವಣಗೆರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ದಸರೆಯಲ್ಲಿ ಏಳು ಪಾಯಿಂಟ್ ಎಂಟು ಇತ್ತು, ಈಗ ಎಂಟು ಪಾಯಿಂಟ್ ಆರು. ಬಹಳ ಏರಿಲ್ಲ. ಡಾಕ್ಟರಮ್ಮ ನಗಲಿಲ್ಲ, ಆದರೆ ಬೈಯಲೂ ಇಲ್ಲ. "ಪರೀಕ್ಷಿ ಬರೀಲಿ" ಎಂದು ಪ್ರಿನ್ಸಿಪಾಲರಿಗೆ ಚೀಟಿ ಕೊಟ್ಟಿದ್ದಾರೆ. ಇಪ್ಪತ್ತೆಂಟನೇ ತಾರೀಖು ಮೊದಲ ಪರೀಕ್ಷೆ.

ಬಿದ್ದದ್ದನ್ನೂ ಹೇಳಿದೆ, ಗಿರಣಿಯದನ್ನೂ ಹೇಳಿದೆ. ಅವರು, ಬೀಸುವ ಕಲ್ಲೇ ಎಲ್ಲಕ್ಕಿಂತ ಒಳ್ಳೆಯದು, ಆಗದಿದ್ದರೆ ಈ ದಾರಿ, ಮೈ ಏನು ಹೇಳುತ್ತದೆ ನೋಡುತ್ತಿರಿ, ಆರು ವಾರಕ್ಕೆ ಮತ್ತೆ ರಕ್ತ ಎಂದರು. ರಜೆಗೆ ಬಂದಾಗ ಬೀಸುವ ಕಲ್ಲಿಗೆ ನಾನೇ ಕೂರುತ್ತೇನೆ, ನೀನು ಕಾಳು ಹಾಕು.

ಸೋಮವಾರ ರಾತ್ರಿ ಕಾಲು ರೊಟ್ಟಿ ತಿಂದೆ. ಶಿವಲೀಲಾ ಎದುರು ಕೂತು ವಿಷ ತಿಂದವಳನ್ನು ನೋಡುವ ಹಾಗೆ ನೋಡುತ್ತಿದ್ದಳು. ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಬೆಳಿಗ್ಗೆಯೂ ಏನೂ ಆಗಲಿಲ್ಲ. ನಿನ್ನೆ ಅರ್ಧ ತಿಂದೆ. ಈಗ ಗುರುವಾರ ಸಂಜೆ. ಚೀಲ ಕಳಿಸುವ ಮೊದಲು ನಿನಗೆ ನಿಜವನ್ನೇ ಬರೆಯಬೇಕೆಂದು ಕೊನೆಯ ಬಸ್ಸಿನವರೆಗೆ ಕಾದೆ. ಹೊಟ್ಟೆ ಸುಮ್ಮನಿದೆ. ಮುಂದಿನ ವಾರ ಹೇಗೋ ಗೊತ್ತಿಲ್ಲ, ಅವ್ವಾ. ಇವತ್ತು ಸುಮ್ಮನಿದೆ.

ಶಿವಬಸಮ್ಮಜ್ಜಿಗೆ ನೀನು ಹೇಳಿದ್ದನ್ನು ಸುಂಕಮ್ಮಕ್ಕನಿಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೊಮ್ಮೆ ಓದು ಎಂದಳು.

ಹೋದ ತಿಂಗಳು ಬರೆಯಲಾರದೆ ಮೂರು ಕಾಗದ ಹರಿದಿದ್ದೆನಲ್ಲ, ಆ ಮಾತನ್ನು ಈಗ ಬರೆಯುತ್ತಿದ್ದೇನೆ. ಭಾನುವಾರ ಕೊನೆಗೆ ನಿಲ್ಲು.

ನಿನ್ನ ಮಗಳು,
ಕ್ರಾಂತಿ